ಮಲ್ಟಿಫೋಕಲ್ ಲೆನ್ಸ್ ಹಾಕಿಸುವ ಮೊದಲು ನಿಮ್ಮ ಕಣ್ಣಿನ ಪಾಪೆ ಅಳೆದುಕೊಳ್ಳಿ

ನಲವತ್ತು ದಾಟಿದ ಮೇಲೆ ಚಾಳೀಸು ಬರುತ್ತದೆ, ಅದು ಎಲ್ಲರಿಗೂ ಗೊತ್ತಿರುವುದೇ. ಮೊದಲಿಂದಲೂ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದವರಿಗೆ ಆಗ ಒಂದು ಇಕ್ಕಟ್ಟು ಶುರುವಾಗುತ್ತದೆ. ಲೆನ್ಸ್ ಹಾಕಿದರೆ ದೂರ ಚೆನ್ನಾಗಿ ಕಾಣುತ್ತದೆ, ಮೊಬೈಲು ಮಾತ್ರ ಕೈ ಚಾಚಿ ಹಿಡಿದರೂ ಕಾಣುವುದಿಲ್ಲ. ಲೆನ್ಸಿನ ಮೇಲೆ ಓದುವ ಕನ್ನಡಕ ಹಾಕಿ, ತೆಗೆದು, ಎಲ್ಲೋ ಇಟ್ಟು ಮರೆತು, ಕೊನೆಗೆ ದೂರ ಹತ್ತಿರ ಎರಡೂ ಒಂದರಲ್ಲೇ ಕಾಣುವ ಮಲ್ಟಿಫೋಕಲ್ ಲೆನ್ಸ್ ಇದೆಯಂತೆ ಅಂತ ಕೇಳಿ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಪವರ್ ನೋಡುತ್ತಾರೆ, ವಯಸ್ಸು ಕೇಳುತ್ತಾರೆ, ಲೆನ್ಸ್ ಕೊಡುತ್ತಾರೆ. ಪಾಪೆ, ಅಂದರೆ ಕಣ್ಣಿನ ನಡುವೆ ಬೆಳಕು ಒಳಗೆ ಹೋಗುವ ಕಪ್ಪು ತೂತು, ಎಷ್ಟು ದೊಡ್ಡದು ಅಂತ ನನ್ನನ್ನು ಮೊದಲ ಸಲ ಯಾರೂ ಕೇಳಲಿಲ್ಲ, ನನಗೂ ಕೇಳಬೇಕು ಅಂತ ಗೊತ್ತಿರಲಿಲ್ಲ.

ನಾನು ಡಾಕ್ಟರಲ್ಲ. ಮನೆ ಮೈಸೂರಿನಲ್ಲಿ, ಪಾಠ ಮಾಡುವುದು ಮಂಡ್ಯದ ಒಂದು ಹೈಸ್ಕೂಲಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ವಯಸ್ಸು 47. ಕಾಲೇಜಿನ ದಿನದಿಂದ ಲೆನ್ಸ್ ಹಾಕುತ್ತಿದ್ದೇನೆ, ಮಲ್ಟಿಫೋಕಲ್ ಹಾಕಲು ಶುರುಮಾಡಿದ್ದು ಚಾಳೀಸು ಬಂದ ಮೇಲೆ. ಮೊದಲ ಜೊತೆ ಪೂರ್ತಿ ದಂಡವಾಯಿತು. ಅದು ಯಾಕೆ ಆಯಿತು ಅಂತ ಗೊತ್ತಾದ ಮೇಲೆ ಎರಡನೆಯದು ಚೆನ್ನಾಗಿ ಕೂತಿತು. ಆ ದುಡ್ಡು, ಆ ತಲೆನೋವು ನಿಮಗೆ ಬೇಡ ಅಂತ ಬರೆಯುತ್ತಿದ್ದೇನೆ.

ಮೊದಲ ಸಲ ಆಗಿದ್ದು ಹೀಗೆ. ಅಂಗಡಿಯ ಒಳಗೆ ಒಂದು ಸಣ್ಣ ಕೋಣೆ. ಲೈಟ್ ಆರಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದರು, ಕೊನೆಯ ಸಾಲಿನವರೆಗೂ ಓದಿದೆ. ಆಮೇಲೆ ಟೇಬಲ್ ಲ್ಯಾಂಪ್ ಹಚ್ಚಿ ಕೈಗೆ ಸಣ್ಣ ಅಕ್ಷರದ ಕಾರ್ಡು ಕೊಟ್ಟರು, ಅದನ್ನೂ ಓದಿದೆ. ಖುಷಿಯಾಗಿ ದುಡ್ಡು ಕೊಟ್ಟು ಹೊರಗೆ ಬಂದೆ. ಮಧ್ಯಾಹ್ನ ಹನ್ನೆರಡರ ಬಿಸಿಲು. ಎದುರು ಸಾಲಿನ ಅಂಗಡಿ ಬೋರ್ಡು ಹಾಲಿನೊಳಗಿಂದ ನೋಡಿದ ಹಾಗಿತ್ತು. ಅದೇ ದಿನ ಸಂಜೆ ರೈಲಿನಲ್ಲಿ, ಬೋಗಿಯ ಮಂಕು ಬೆಳಕಿನಲ್ಲಿ ಉತ್ತರ ಪತ್ರಿಕೆ ತೆಗೆದರೆ ಅಕ್ಷರಕ್ಕೆ ಅಕ್ಷರದ್ದೇ ನೆರಳು. ಬಿಸಿಲಲ್ಲಿ ದೂರ ಇಲ್ಲ, ಮಂಕಿನಲ್ಲಿ ಹತ್ತಿರ ಇಲ್ಲ. ಕೋಣೆಯಲ್ಲಿ ಮಾತ್ರ ಎರಡೂ ಇತ್ತು. ಎರಡು ವಾರ ಹಾಗೇ ಹಾಕಿಕೊಂಡು ನೋಡಿದೆ, ಬದಲಾಗಲಿಲ್ಲ.

ಇದರ ಗುಟ್ಟು ಪಾಪೆಯಲ್ಲಿದೆ. ಮಲ್ಟಿಫೋಕಲ್ ಕನ್ನಡಕದಲ್ಲಿ ದೂರಕ್ಕೆ ಮೇಲಿನಿಂದ, ಓದಲು ಕೆಳಗಿನಿಂದ ನೋಡುತ್ತೇವೆ. ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಲೆನ್ಸು ಕಣ್ಣಿನ ಜೊತೆಗೇ ಅಲುಗುತ್ತದೆ. ಅದಕ್ಕೇ ಅದರಲ್ಲಿ ದೂರದ ಪವರ್ ಮತ್ತು ಹತ್ತಿರದ ಪವರ್ ಎರಡನ್ನೂ ಬಳೆ ಬಳೆಯಾಗಿ ಅಥವಾ ನಡುವಿನಿಂದ ಅಂಚಿಗೆ ಮೆಲ್ಲಗೆ ಬದಲಾಗುವ ಹಾಗೆ ಇಟ್ಟಿರುತ್ತಾರೆ. ಎರಡರ ಬೆಳಕೂ ಒಟ್ಟಿಗೇ ಕಣ್ಣೊಳಗೆ ಹೋಗುತ್ತದೆ, ಬೇಕಾದ್ದನ್ನು ಮೆದುಳು ಆರಿಸಿಕೊಳ್ಳುತ್ತದೆ. ಯಾವುದರ ಬೆಳಕು ಎಷ್ಟು ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದು ಪಾಪೆ.

ತಟ್ಟೆಯ ನಡುವೆ ಮುದ್ದೆ, ಸುತ್ತ ಸಾರು ಅಂತ ಇಟ್ಟುಕೊಳ್ಳಿ. ನಡುವೆ ತೂತಿರುವ ಒಂದು ಮುಚ್ಚಳ ಅದರ ಮೇಲಿದೆ. ತೂತು ಸಣ್ಣದಾದರೆ ಮುದ್ದೆ ಮಾತ್ರ ಕಾಣುತ್ತದೆ, ದೊಡ್ಡದಾದರೆ ಸಾರೇ ಜಾಸ್ತಿ. ಮುದ್ದೆ ಅಂದರೆ ಹತ್ತಿರದ ಪವರ್, ಸಾರು ಅಂದರೆ ದೂರದ ಪವರ್, ತೂತು ಅಂದರೆ ನಿಮ್ಮ ಪಾಪೆ. ಇದು ನಡುವೆ ಹತ್ತಿರದ ಪವರ್ ಇರುವ ಲೆನ್ಸು, ನನ್ನ ಮೊದಲ ಜೊತೆ ಇಂಥದ್ದೇ. ನಡುವೆ ದೂರದ ಪವರ್ ಇರುವ ಲೆನ್ಸೂ ಇದೆ, ಅದರಲ್ಲಿ ಎಲ್ಲ ತಿರುಗಾಮುರುಗಾ.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. ನಡುವಿನ ಹತ್ತಿರದ ವಲಯ 2 ಮಿ.ಮೀ. ಅಗಲ ಅಂತ ಇಟ್ಟುಕೊಳ್ಳೋಣ. ಬಿಸಿಲಿನಲ್ಲಿ ಪಾಪೆ 2.5 ಮಿ.ಮೀ. ಆದಾಗ ಒಳಗೆ ಹೋಗುವ ಬೆಳಕಿನಲ್ಲಿ 64 ಭಾಗ ಹತ್ತಿರದ ಪವರ್‌ನದು, ಅಂದರೆ ದೂರಕ್ಕೆ ಉಳಿದದ್ದು ನೂರಕ್ಕೆ 36. ಪಾಪೆ 3 ಮಿ.ಮೀ. ಇದ್ದರೆ ಹತ್ತಿರದ ಪಾಲು 44. ರಾತ್ರಿ ಪಾಪೆ 6 ಮಿ.ಮೀ. ಆದರೆ ಹತ್ತಿರಕ್ಕೆ ಸಿಗುವುದು ಬರೀ 11. ಅಗಲ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ಇಷ್ಟು ಏರುಪೇರು. ನಿಜವಾದ ಲೆನ್ಸಿನಲ್ಲಿ ಗೆರೆ ಕೊರೆದ ಹಾಗೆ ವಲಯ ಇರುವುದು ಕಡಿಮೆ, ಲೆಕ್ಕ ಇಷ್ಟು ಒರಟಾಗಿರುವುದಿಲ್ಲ, ಆದರೆ ದಾರಿ ಇದೇ.

ಈಗ ಆ ಕೋಣೆಯನ್ನು ನೆನಪಿಸಿಕೊಳ್ಳಿ. ಕತ್ತಲಲ್ಲಿ ಪಾಪೆ ಹಿಗ್ಗಿತ್ತು, ದೂರದ ಅಕ್ಷರ ಕಂಡಿತು. ಲ್ಯಾಂಪಿನ ಬೆಳಕಿಗೆ, ಹತ್ತಿರ ನೋಡಿದ್ದಕ್ಕೂ ಸೇರಿ ಪಾಪೆ ಕುಗ್ಗಿತು (ಹತ್ತಿರದ್ದನ್ನು ನೋಡುವಾಗ ಪಾಪೆ ತಾನಾಗೇ ಸಣ್ಣದಾಗುತ್ತದೆ), ಕಾರ್ಡಿನ ಅಕ್ಷರ ಕಂಡಿತು. ಎರಡು ಪರೀಕ್ಷೆಯೂ ಆ ಲೆನ್ಸಿಗೆ ಅನುಕೂಲವಾದ ಬೆಳಕಿನಲ್ಲೇ ನಡೆದಿತ್ತು. ನನ್ನ ದಿನ ನಡೆಯುವುದು ಅದರ ಉಲ್ಟಾ ಬೆಳಕಿನಲ್ಲಿ. ಬಿಸಿಲಲ್ಲಿ ಸ್ಟೇಷನ್‌ನಿಂದ ಸ್ಕೂಲಿಗೆ ನಡಿಗೆ, ಮಂಕಿನಲ್ಲಿ ಓದು. ಇದು ಅರ್ಥವಾದ ದಿನ ನನಗೆ ತುಂಬ ಸಮಾಧಾನವಾಯಿತು, ಅಲ್ಲಿಯವರೆಗೆ ನನ್ನ ಕಣ್ಣಿಗೇ ಏನೋ ಆಗಿದೆ ಅಂತ ಹೆದರಿದ್ದೆ.

ಪಾಪೆಯ ಅಳತೆ ಇಷ್ಟೆಲ್ಲ ಮಾಡುತ್ತದಾ ಅಂತ ಅನುಮಾನ ಇದ್ದರೆ ಒಂದು ನಿಮಿಷದ ಪರೀಕ್ಷೆ ಇದೆ. ಹಳೆಯ ಲಗ್ನಪತ್ರಿಕೆ ರಟ್ಟಿಗೆ ಸೂಜಿಯಲ್ಲಿ ಒಂದು ತೂತು ಮಾಡಿ, ಓದುವ ಕನ್ನಡಕ ಇಲ್ಲದೆ ಒಂದು ಕಣ್ಣಿಗೆ ಹಿಡಿದು ಪಂಚಾಂಗದ ಸಣ್ಣ ಅಕ್ಷರ ನೋಡಿ. ಮಂಕಾಗಿ, ಆದರೆ ಚೂಪಾಗಿ ಕಾಣುತ್ತದೆ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಚಾಳೀಸಿಗೆ ಅಂತ ಪೈಲೋಕಾರ್ಪಿನ್ ಹನಿಗೆ ಒಪ್ಪಿಗೆ ಕೊಟ್ಟಿತು. ಅದೂ ಪಾಪೆಯನ್ನು ಕುಗ್ಗಿಸಿಯೇ ಕೆಲಸ ಮಾಡುವುದು. ಅದನ್ನು ಡಾಕ್ಟರ್ ಹೇಳದೆ ನೀವಾಗಿ ಹಾಕಿಕೊಳ್ಳಬೇಡಿ.

ಮನೆಯಲ್ಲೇ ಅಳೆಯುವುದು ಹೇಗೆ

ಮೊಬೈಲು ಮತ್ತು ಸ್ಕೇಲು ಇದ್ದರೆ ಸಾಕು, ಜೊತೆಗೆ ಫೋಟೊ ತೆಗೆಯಲು ಮನೆಯವರು ಒಬ್ಬರು. ಸೆಲ್ಫಿ ಬೇಡ, ಮೊಬೈಲನ್ನೇ ನೋಡಿದರೆ ಹತ್ತಿರದ ನೋಟಕ್ಕೆ ಪಾಪೆ ಕುಗ್ಗಿಬಿಡುತ್ತದೆ. ನೀವು ದೂರದ ಗೋಡೆಯನ್ನೋ ಮರವನ್ನೋ ನೋಡುತ್ತಿರಿ. ಅವರು ಒಂದು ಮೊಳ ದೂರದಿಂದ, ಸ್ವಲ್ಪ ಪಕ್ಕಕ್ಕೆ ನಿಂತು, ಜೂಮ್ ಮಾಡಿ, ಫ್ಲ್ಯಾಷ್ ಆರಿಸಿ ಒಂದು ಕಣ್ಣಿನ ಫೋಟೊ ತೆಗೆಯಲಿ.

ನಮ್ಮ ಕಣ್ಣಿನದು ಒಂದು ತೊಂದರೆ. ಪಾಪೆ ಕಪ್ಪು, ಅದರ ಸುತ್ತಿನ ಬಳೆಯೂ ಕಡುಕಂದು, ಫೋಟೊದಲ್ಲಿ ಎರಡೂ ಕಲಸಿಹೋಗುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ನಿಂತುಕೊಳ್ಳಿ, ಆಮೇಲೆ ಫೋಟೊದ ಬ್ರೈಟ್‌ನೆಸ್ ಜಾಸ್ತಿ ಮಾಡಿ ನೋಡಿ, ಗಡಿ ಕಾಣುತ್ತದೆ.

ಇನ್ನು ಅಳತೆ. ದೊಡ್ಡವರಲ್ಲಿ ಕಣ್ಣಿನ ಕಂದು ಬಳೆ ಅಡ್ಡಕ್ಕೆ ಹೆಚ್ಚುಕಡಿಮೆ 12 ಮಿ.ಮೀ. ಇರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಅಷ್ಟೇನೂ ಬದಲಾಗುವುದಿಲ್ಲ. ಆದ್ದರಿಂದ ಫೋಟೊವನ್ನು ಹಿಗ್ಗಿಸುತ್ತಾ ಹೋಗಿ, ಕಂದು ಬಳೆ ಪರದೆಯ ಮೇಲೆ ಸರಿಯಾಗಿ 6 ಸೆಂ.ಮೀ. ಆಗುವವರೆಗೆ. ಈಗ ಪಾಪೆಯ ಮೇಲೆ ಸ್ಕೇಲಿಡಿ. ಪರದೆಯ 1 ಸೆಂ.ಮೀ. ಅಂದರೆ ನಿಜದಲ್ಲಿ 2 ಮಿ.ಮೀ. ಪಾಪೆ 1.5 ಸೆಂ.ಮೀ. ಬಂದರೆ ನಿಮ್ಮದು 3 ಮಿ.ಮೀ. ಅಂತ. ಅರ್ಧ ಮಿಲಿಮೀಟರ್ ಆಚೆ ಈಚೆ ಆಗಬಹುದು, ನಮಗೆ ಬೇಕಾದ ಕೆಲಸಕ್ಕೆ ಅಷ್ಟು ಸಾಕು. ಕ್ಲಿನಿಕ್ಕಿನಲ್ಲಿ ಇದಕ್ಕೇ ಅಂತ ಪ್ಯೂಪಿಲೋಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಒಂದು ಸಲ ಅಳೆದರೆ ಆಗಲಿಲ್ಲ, ನಿಮ್ಮ ದಿನದ ಮೂರು ಬೆಳಕಿನಲ್ಲಿ ಅಳೆಯಬೇಕು. ಮಧ್ಯಾಹ್ನ ಅಂಗಳದಲ್ಲಿ ಒಂದು (ಸೂರ್ಯನ ಕಡೆ ಬೆನ್ನು ಮಾಡಿ, ಸೂರ್ಯನನ್ನು ನೋಡಬೇಡಿ). ಕೆಲಸದ ಜಾಗದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಒಂದು. ಮೂರನೆಯದು ರಾತ್ರಿಯದು, ಅದು ಸ್ವಲ್ಪ ಕಷ್ಟ. ಕೋಣೆ ಕತ್ತಲು ಮಾಡಿ ಎರಡು ಮೂರು ನಿಮಿಷ ಕೂತಿರಿ. ಮನೆಯವರು ವಿಡಿಯೊ ಆನ್ ಮಾಡಿಕೊಂಡು ಒಂದು ಸಣ್ಣ ಬಲ್ಬ್ ಹಾಕಲಿ, ನೇರ ಕಣ್ಣಿಗೆ ಬೀಳದ ಹಾಗೆ. ಬೆಳಕು ಬಿದ್ದ ತಕ್ಷಣ ಪಾಪೆ ಕುಗ್ಗುವುದಿಲ್ಲ, ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ತಡವಾಗುತ್ತದೆ. ವಿಡಿಯೊವನ್ನು ನಿಧಾನವಾಗಿ ಓಡಿಸಿ ಬೆಳಕು ಬಂದ ಮೊದಲ ಚಿತ್ರದಲ್ಲೇ ನಿಲ್ಲಿಸಿದರೆ ಹಿಗ್ಗಿದ ಪಾಪೆ ಸಿಗುತ್ತದೆ. ಜೋರು ಟಾರ್ಚು, ಲೇಸರ್ ಯಾವುದೂ ಕಣ್ಣಿಗೆ ಬಿಡಬೇಡಿ.

ಸಾಮಾನ್ಯವಾಗಿ ಬೆಳಕಿನಲ್ಲಿ 2ರಿಂದ 4, ಕತ್ತಲಲ್ಲಿ 4ರಿಂದ 8 ಮಿ.ಮೀ. ಇರುತ್ತದೆ. ವಯಸ್ಸಾದ ಹಾಗೆ ಪಾಪೆ ಸಣ್ಣದಾಗುತ್ತದೆ, ಕತ್ತಲಲ್ಲಿ ಹಿಗ್ಗುವುದೂ ಕಡಿಮೆಯಾಗುತ್ತದೆ. ನನ್ನದು ಬಿಸಿಲಲ್ಲಿ 2.5, ತರಗತಿಯಲ್ಲಿ 3.5, ರಾತ್ರಿ 6 ಬಂತು. ಎರಡು ಕಣ್ಣಿನ ನಡುವೆ ಸಣ್ಣ ವ್ಯತ್ಯಾಸ ಇದ್ದರೆ ಗಾಬರಿ ಬೇಡ, ಸುಮಾರು ಐವರಲ್ಲಿ ಒಬ್ಬರಿಗೆ ಹಾಗಿರುತ್ತದೆ. ಆದರೆ ಇದ್ದಕ್ಕಿದ್ದ ಹಾಗೆ ಒಂದು ಪಾಪೆ ದೊಡ್ಡದಾಗಿ, ಜೊತೆಗೆ ತಲೆನೋವೋ, ರೆಪ್ಪೆ ಇಳಿಬಿದ್ದಿರುವುದೋ, ಎರಡೆರಡಾಗಿ ಕಾಣುವುದೋ ಇದ್ದರೆ ಲೆನ್ಸಿನ ಮಾತು ಬಿಟ್ಟು ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.

ಅಂಗಡಿಗೆ ಹೋದಾಗ

ಬಿಸಿಲು ಇರುವ ಹೊತ್ತಿನಲ್ಲೇ ಹೋಗಿ. ರೆಟಿನಾ ನೋಡಲು ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡ ದಿನ ಮಾತ್ರ ಲೆನ್ಸ್ ಪರೀಕ್ಷೆ ಬೇಡವೇ ಬೇಡ, ಆ ಪಾಪೆ ನಿಮ್ಮದಲ್ಲ.

ಟ್ರಯಲ್ ಲೆನ್ಸ್ ಹಾಕಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಸುಮ್ನೆ ಕೂತಿರಿ, ಲೆನ್ಸ್ ಕಣ್ಣಲ್ಲಿ ನೆಲೆ ನಿಲ್ಲಬೇಕು. ಪರೀಕ್ಷೆ ಮಾಡುವಾಗ "ಲೈಟ್ ಹಾಕಿ ಮಾಡಿ ಸಾರ್" ಅಂತ ಬಾಯಿಬಿಟ್ಟು ಕೇಳಿ. ಎರಡೂ ಕಣ್ಣು ತೆರೆದು ಓದಿ. ಒಂದೊಂದು ಕಣ್ಣು ಮುಚ್ಚಿ ನೋಡಿದರೆ ಈ ಲೆನ್ಸು ಯಾವಾಗಲೂ ಕಳಪೆ ಅನ್ನಿಸುತ್ತದೆ, ಯಾಕೆಂದರೆ ಇದು ಎರಡು ಕಣ್ಣೂ ಸೇರಿ ಮಾಡುವ ಕೆಲಸ. ಮುಖದ ಮುಂದೆ ಇಡುವ ಆ ದೊಡ್ಡ ಯಂತ್ರದ ಬದಲು ಕೈಯಲ್ಲಿ ಬಿಡಿ ಗಾಜು ಹಿಡಿದು ಪವರ್ ತಿದ್ದಲಿ, ಯಂತ್ರದ ಹಿಂದೆ ನೆರಳಾಗಿ ಪಾಪೆ ಹಿಗ್ಗಿರುತ್ತದೆ.

ಆಮೇಲೆ ಟ್ರಯಲ್ ಲೆನ್ಸಿನಲ್ಲೇ ಎದ್ದು ಹೊರಗೆ ಬನ್ನಿ. ಇದನ್ನು ಮಾತ್ರ ಬಿಡಬೇಡಿ. ಮೈಸೂರಿನವರಾದರೆ ಸಯ್ಯಾಜಿರಾವ್ ರಸ್ತೆಯ ಬಿಸಿಲಲ್ಲಿ ನಿಂತು ಆಚೆ ಬದಿಯ ಬೋರ್ಡು, ಬರುತ್ತಿರುವ ಬಸ್ಸಿನ ಹಣೆಯ ಅಕ್ಷರ ಓದಿ. ಹಾಗೇ ದೇವರಾಜ ಮಾರ್ಕೆಟ್ಟಿನೊಳಗೆ ನುಗ್ಗಿ, ಆ ನೆರಳಲ್ಲಿ ಮೊಬೈಲ್ ತೆಗೆದು ಒಂದು ಮೆಸೇಜ್ ಓದಿ. ಐದು ನಿಮಿಷದಲ್ಲಿ ನಿಮ್ಮ ಪಾಪೆ ಕುಗ್ಗಿಯೂ ಆಯಿತು, ಹಿಗ್ಗಿಯೂ ಆಯಿತು. ಮಂಡ್ಯದವರಾದರೆ ಬಸ್ ಸ್ಟ್ಯಾಂಡಿನ ಹೊರಗೆ ಬಿಸಿಲಲ್ಲಿ ಒಂದು ಸಲ, ಒಳಗೆ ಛಾವಣಿಯ ಕೆಳಗೆ ಒಂದು ಸಲ.

ನಡುವೆ ಏನಿದೆ, ದೂರವೋ ಹತ್ತಿರವೋ ಅಂತಲೂ ಕೇಳಿ. ಆಲ್ಕಾನ್‌ನ ಏರ್ ಆಪ್ಟಿಕ್ಸ್ ಮಲ್ಟಿಫೋಕಲ್‌ನಲ್ಲಿ ನಡುವೆ ಹತ್ತಿರದ ಪವರ್. ಕೂಪರ್‌ವಿಷನ್‌ನ ಬಯೋಫಿನಿಟಿ ಮಲ್ಟಿಫೋಕಲ್‌ನಲ್ಲಿ ಡಿ ಮತ್ತು ಎನ್ ಅಂತ ಎರಡು ಬಗೆ, ಡಿ ಅಂದರೆ ನಡುವೆ ದೂರ, ಎನ್ ಅಂದರೆ ನಡುವೆ ಹತ್ತಿರ. ಅಕ್ಯುವ್ಯೂ ಕಂಪನಿಯವರು ಪವರ್ ಮತ್ತು ವಯಸ್ಸಿಗೆ ತಕ್ಕ ಹಾಗೆ ಪಾಪೆ ಸಾಮಾನ್ಯವಾಗಿ ಎಷ್ಟಿರುತ್ತದೋ ಅದಕ್ಕೆ ಹೊಂದಿಸಿ ಲೆನ್ಸ್ ಮಾಡುತ್ತಾರೆ. ಒಳ್ಳೆಯ ಯೋಚನೆ, ಆದರೆ ನಿಮ್ಮ ಪಾಪೆ ಆ ಸಾಮಾನ್ಯಕ್ಕಿಂತ ದೊಡ್ಡದೋ ಚಿಕ್ಕದೋ ಇರಬಹುದು ಅಲ್ವಾ?

ದೂರ ನೋಡುವಾಗ ನಮ್ಮ ಎರಡು ಕಣ್ಣಲ್ಲಿ ಒಂದು ಮುಂದಾಗುತ್ತದೆ, ಅದಕ್ಕೆ ಡಾಮಿನೆಂಟ್ ಕಣ್ಣು ಅನ್ನುತ್ತಾರೆ. ಎರಡೂ ಕಣ್ಣು ತೆರೆದು ದೂರ ನೋಡುತ್ತಿರುವಾಗ +1.50 ಗಾಜನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹಿಡಿಯುತ್ತಾರೆ. ಯಾವ ಕಣ್ಣಿಗೆ ಹಿಡಿದಾಗ ಜಾಸ್ತಿ ಕಿರಿಕಿರಿ ಆಗುತ್ತದೋ ಅದು ಡಾಮಿನೆಂಟ್. ನನಗೆ ಪರಿಹಾರ ಸಿಕ್ಕಿದ್ದು ಇಲ್ಲೇ. ಎರಡನೆಯ ಸಲ ಬೇರೆ ಕಡೆ ಹೋದಾಗ, ನಾನು ಪಾಪೆಯ ಅಳತೆ ಬರೆದುಕೊಂಡು ಹೋಗಿದ್ದ ಚೀಟಿ ನೋಡಿದ ಆಪ್ಟೋಮೆಟ್ರಿಸ್ಟ್ (ಕಣ್ಣು ಪರೀಕ್ಷೆ ಮಾಡಿ ಪವರ್ ಕೊಡುವವರು) ಹುಡುಗಿ ಡಾಮಿನೆಂಟ್ ಕಣ್ಣಿಗೆ ನಡುವೆ ದೂರ ಇರುವುದು, ಇನ್ನೊಂದಕ್ಕೆ ನಡುವೆ ಹತ್ತಿರ ಇರುವುದು ಹಾಕಿದಳು. ಬಿಸಿಲಲ್ಲಿ ಪಾಪೆ ಕುಗ್ಗಿದರೂ ಒಂದು ಕಣ್ಣಿಗೆ ದೂರ ಸಿಗುತ್ತದೆ, ಇನ್ನೊಂದಕ್ಕೆ ಹತ್ತಿರ. ಎಲ್ಲರಿಗೂ ಇದೇ ಸರಿ ಅಂತಲ್ಲ. ಆಡ್ ಪವರ್ (ಹತ್ತಿರ ಕಾಣಲು ದೂರದ ಪವರ್‌ಗೆ ಸೇರಿಸುವ ಪವರ್) ಮಾತ್ರ ಆದಷ್ಟು ಕಡಿಮೆಯಿಂದ ಶುರುಮಾಡಿಸಿ, ಅದು ಜಾಸ್ತಿಯಾದಷ್ಟೂ ಅಕ್ಷರದ ನೆರಳು, ದೀಪದ ಬಳೆ ಎರಡೂ ಜಾಸ್ತಿ.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ಲೆನ್ಸಿನ ನಡು ಪಾಪೆಯ ನಡುವಿಗೆ ಕೂತಿದೆಯಾ ಅಂತ ಸ್ಲಿಟ್ ಲ್ಯಾಂಪಿನಲ್ಲಿ (ಬೆಳಕು ಬಿಟ್ಟು ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ನೋಡಲು ಹೇಳಿ. ಪಕ್ಕಕ್ಕೆ ಸರಿದಿದ್ದರೆ ಪವರ್ ಎಷ್ಟು ಬದಲಾಯಿಸಿದರೂ ನೆರಳು ಹೋಗುವುದಿಲ್ಲ, ಬೇರೆ ಅಳತೆಯ ಅಥವಾ ಬೇರೆ ಕಂಪನಿಯ ಲೆನ್ಸೇ ಬೇಕು. ಸಿಲಿಂಡರ್ ಪವರ್ (ಕಣ್ಣಿನ ಉಬ್ಬು ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಕೊಡುವ ಪವರ್) 0.75 ಅಥವಾ ಅದಕ್ಕಿಂತ ಜಾಸ್ತಿ ಇದ್ದರೂ ಕೇಳಿ, ಅದನ್ನು ಬಿಟ್ಟು ಮಲ್ಟಿಫೋಕಲ್ ಹಾಕಿದರೆ ಮಸುಕು ಉಳಿದೇ ಉಳಿಯುತ್ತದೆ.

ಹಾಕಿಕೊಂಡ ಮೇಲೆ

ಮೆದುಳಿಗೆ ಒಂದೆರಡು ವಾರ ಟೈಮ್ ಕೊಡಿ. ಆ ವಾರಗಳಲ್ಲಿ ರಾತ್ರಿ ಗಾಡಿ ಓಡಿಸಬೇಡಿ. ನನ್ನ ಮಾತು ಕೇಳಿ ಒಂದು ಭಾನುವಾರ ಸಂಜೆ ಅರಮನೆ ದೀಪ ನೋಡಲು ಹೋಗಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತುವಾಗ, ಕತ್ತಲಲ್ಲಿ ಹಿಗ್ಗಿದ ಪಾಪೆಗೆ ಪ್ರತಿ ದೀಪದ ಸುತ್ತ ಎಷ್ಟು ದೊಡ್ಡ ಬಳೆ ಕಾಣುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಅಲ್ಲಿ ದೀಪ ದೀಪ ಬಿಡಿಬಿಡಿಯಾಗಿ ಕಾಣದೆ ಒಂದೇ ಬೆಳಕಿನ ಮುದ್ದೆಯಾದರೆ, ಬೆಂಗಳೂರು ಹೆದ್ದಾರಿಯಲ್ಲಿ ಎದುರು ಗಾಡಿಯ ಹೆಡ್‌ಲೈಟಿಗೂ ಹಾಗೇ ಆಗುತ್ತದೆ. ಅಂಥವರು ರಾತ್ರಿ ಕಾರು ಓಡಿಸುವ ದಿನ ದೂರದ ಕನ್ನಡಕಕ್ಕೋ ಸಾದಾ ಲೆನ್ಸಿಗೋ ಬದಲಾಗುವುದು ಒಳ್ಳೆಯದು. ಅದರಲ್ಲಿ ಸೋಲು ಅಂತ ಏನೂ ಇಲ್ಲ.

ಬೆಳಕನ್ನು ನಿಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುವುದನ್ನೂ ಕಲಿಯಬಹುದು. ನಡುವೆ ಹತ್ತಿರ ಇರುವ ಲೆನ್ಸಾದರೆ, ಬಿಸಿಲಲ್ಲಿ ಕೂಲಿಂಗ್ ಗ್ಲಾಸೋ ಅಂಚಿನ ಟೋಪಿಯೋ ಹಾಕಿ. ಪಾಪೆ ಸ್ವಲ್ಪ ಹಿಗ್ಗಿ ದೂರ ತಿಳಿಯಾಗುತ್ತದೆ. ರಾತ್ರಿ ಓದಬೇಕಾದರೆ ಹೆಗಲ ಹಿಂದಿನಿಂದ ಜೋರು ಬೆಳಕು ಹಾಕಿಕೊಳ್ಳಿ. ಪಾಪೆ ಕುಗ್ಗಿ ಅಕ್ಷರ ಎದ್ದು ಬರುತ್ತದೆ. ನಡುವೆ ದೂರ ಇರುವ ಲೆನ್ಸಾದರೆ ಓದಲು ಅತಿ ಬೆಳಕು ಒಳ್ಳೆಯದಲ್ಲ, ಬಿಸಿಲು ಬೀಳುವ ಕಿಟಕಿ ಬಿಟ್ಟು ಸ್ವಲ್ಪ ಒಳಗೆ ಕೂತು ನೋಡಿ. ನನ್ನ ಹಾಗೆ ಎರಡು ಥರ ಹಾಕಿದವರಿಗೆ ಈ ಗೋಜು ಕಡಿಮೆ.

ಕೆಲವು ಸಲ ತಪ್ಪು ಪಾಪೆಯದ್ದಾಗಿರುವುದಿಲ್ಲ, ಕಣ್ಣು ಒಣಗಿರುತ್ತದೆ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ನಾಲ್ಕು ಸಲ ಗಟ್ಟಿಯಾಗಿ ರೆಪ್ಪೆ ಬಡಿದಾಗ ಅಕ್ಷರ ತಿಳಿಯಾದರೆ ಅದು ಒಣಗಿದ್ದೇ, ಲೆನ್ಸಿನ ಮೇಲೆ ಹಾಕುವ ಹನಿ ಕೇಳಿ ತೆಗೆದುಕೊಳ್ಳಿ. ಕಾಡಿಗೆ ಹಚ್ಚುವವರು ಲೆನ್ಸ್ ಹಾಕಿದ ಮೇಲೆ ಹಚ್ಚಿ. ಮೆಣಸಿನಕಾಯಿ ಮುಟ್ಟಿದ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದು ಪೂರ್ತಿ ಒರೆಸಿಕೊಳ್ಳಿ. ನಲ್ಲಿ ನೀರನ್ನು ಲೆನ್ಸಿಗೂ ಡಬ್ಬಿಗೂ ತಾಗಿಸಲೇಬೇಡಿ, ಅದರಲ್ಲಿ ಕಣ್ಣಿಗೆ ಸೇರಿದರೆ ದೃಷ್ಟಿಯನ್ನೇ ಹಾಳು ಮಾಡುವ ಸೂಕ್ಷ್ಮಜೀವಿ ಇರಬಹುದು. ಲೆನ್ಸ್ ಹಾಕಿಕೊಂಡು ಮಲಗಬೇಡಿ. ಕಣ್ಣು ಕೆಂಪಾಗಿ ನೋವಿದ್ದರೆ ತೆಗೆದು, ಕಣ್ಣಿನ ಡಾಕ್ಟರಿಗೆ ತೋರಿಸಿ.

ಮಾತ್ರೆಗಳನ್ನೂ ಡಾಕ್ಟರಿಗೆ ಹೇಳಬೇಕು. ನೆಗಡಿ, ಅಲರ್ಜಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ ಪಾಪೆ ಹಿಗ್ಗಿಸುತ್ತವೆ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ಪಾಪೆ ಹಿಗ್ಗದ ಹಾಗೆ ಮಾಡಬಹುದು. ಹಳೆಯ ಸಕ್ಕರೆ ಕಾಯಿಲೆ ಇದ್ದವರ ಪಾಪೆ ಸಣ್ಣದಿರುವುದುಂಟು, ಜೊತೆಗೆ ಶುಗರ್ ಏರಿಳಿದಂತೆ ಪವರ್ರೂ ಏರಿಳಿಯುತ್ತದೆ. ನಮ್ಮ ಭಾವನಿಗೆ ಹೀಗೇ ಆಗಿ ಎರಡು ಸಲ ಕನ್ನಡಕ ಬದಲಾಯಿಸಿದರು. ಶುಗರ್ ಹತೋಟಿಗೆ ಬಂದು ಕೆಲವು ವಾರ ನಿಂತ ಮೇಲೆಯೇ ಅಳತೆ ಕೊಡುವುದು ಸರಿ.

ನಾನು ಎರಡನೆಯ ಸಲ ತೆಗೆದುಕೊಂಡು ಹೋದ ಚೀಟಿಯಲ್ಲಿ ಇದ್ದದ್ದು ಇಷ್ಟು, ಬೇಕಾದರೆ ಇದೇ ಮಾದರಿಯಲ್ಲಿ ಬರೆದುಕೊಳ್ಳಿ:

"ವಯಸ್ಸು 47. ಪಾಪೆ: ಬಿಸಿಲಲ್ಲಿ 2.5, ತರಗತಿಯಲ್ಲಿ 3.5, ಕತ್ತಲಲ್ಲಿ 6. ಬೆಳಿಗ್ಗೆ ಮತ್ತು ಮಧ್ಯಾಹ್ನ ಬಿಸಿಲಲ್ಲಿ ನಡಿಗೆ, ದೂರ ಬೇಕು. ದಿನಕ್ಕೆ ಐದು ಪೀರಿಯಡ್ ಟ್ಯೂಬ್‌ಲೈಟಿನಲ್ಲಿ, ಕೊನೆಯ ಬೆಂಚಿನ ಮಕ್ಕಳ ಮುಖವೂ ಕಾಣಬೇಕು, ಕೈಯಲ್ಲಿರುವ ಹಾಜರಿ ಪುಸ್ತಕವೂ ಕಾಣಬೇಕು. ಸಂಜೆ ರೈಲಿನಲ್ಲಿ ಮಂಕು ಬೆಳಕಲ್ಲಿ ಒಂದು ಗಂಟೆ ಓದು. ರಾತ್ರಿ ಗಾಡಿ ಓಡಿಸುವುದಿಲ್ಲ. ಅಲರ್ಜಿ ಮಾತ್ರೆ ಯಾವಾಗಲಾದರೂ ಒಮ್ಮೆ. ಹಿಂದಿನ ಲೆನ್ಸ್ ಎರಡೂ ಕಣ್ಣಿಗೆ ನಡುವೆ ಹತ್ತಿರ ಇದ್ದದ್ದು, ಬಿಸಿಲಲ್ಲಿ ದೂರ ಮಸುಕು, ಮಂಕಿನಲ್ಲಿ ಓದಲು ನೆರಳು."